ಅಪ್‌ಡೇಟ್: ವಿಲೀನ ಆಯಿತು, ನನ್ನ ಪೈಲಟ್ ಕೆಲಸ ಏನಾಯಿತು?

ಕೆಲವು ತಿಂಗಳ ಹಿಂದೆ ಕೇಳಿದ್ದೆ: ನಾನು ಮುಂಬೈನಲ್ಲಿ ಫಸ್ಟ್ ಆಫೀಸರ್ (ಸಹ ಪೈಲಟ್), ಎಟಿಆರ್ 72 ಎಂಬ ಪ್ರೊಪೆಲ್ಲರ್ ವಿಮಾನ ಹಾರಿಸುತ್ತೇನೆ. ಕಂಪನಿ ಇನ್ನೊಂದರ ಜೊತೆ ಸೇರುತ್ತಿದೆ, ಎಟಿಆರ್‌ಗಳನ್ನು ಕೈಬಿಡುತ್ತಾರಂತೆ. ಈಗಲೇ ರಾಜೀನಾಮೆ ಕೊಡಲಾ, ಕಾಯಲಾ?

ಕಾದೆ. ಕೆಲಸ ಉಳಿಯಿತು.

ರಾಜೀನಾಮೆ ಪತ್ರ ಬರೆದೇ ಇಟ್ಟಿದ್ದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಸಿಕ್ಕ ನಿವೃತ್ತ ಕ್ಯಾಪ್ಟನ್ ಒಬ್ಬರು ತಡೆದರು. ವಿಮಾನಯಾನ ನಿಯಂತ್ರಕ ಡಿಜಿಸಿಎ 2017ರಲ್ಲಿ ತಂದ ನಿಯಮದಂತೆ, ಕೆಲಸ ಬಿಡಲು ಫಸ್ಟ್ ಆಫೀಸರ್ ಆರು ತಿಂಗಳು, ಕಮಾಂಡರ್ (ಕ್ಯಾಪ್ಟನ್) ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. "ಅದಿರಲಿ, ನಿನ್ನ ಹತ್ರ ಇರೋದು ಎಟಿಆರ್ ರೇಟಿಂಗ್ ಮಾತ್ರ, ಅಲ್ವಾ?" ಅಂದರು. ನಿಜ. ಲೈಸೆನ್ಸ್ ಇದ್ದರೆ ಸಾಲದು, ವಿಮಾನದ ಮಾದರಿಗೂ ರೇಟಿಂಗ್, ಅಂದರೆ ಆ ಮಾದರಿ ಹಾರಿಸುವ ಅರ್ಹತೆ, ಬೇಕು. ಏರ್‌ಬಸ್ ಎ320 ರೇಟಿಂಗ್‌ನಲ್ಲಿ ಎ319, ಎ321 ಕೂಡ ಬರುತ್ತವೆ. ಬೋಯಿಂಗ್ 737ಕ್ಕೆ ಮತ್ತೆ ಬೇರೆ ತರಬೇತಿ.

ಈಗ ಕಂಪನಿಯೇ ಎ320 ತರಬೇತಿಗೆ ಕಳಿಸಿದೆ. ಗ್ರೌಂಡ್ ಕ್ಲಾಸ್ ಮುಗಿಯಿತು. ಇಷ್ಟು ಕಾಲ ಕಂಪನಿ ಬಿಡುವುದಿಲ್ಲ ಎಂಬ ಬಾಂಡ್‌ಗೆ ಸಹಿ ಹಾಕಬೇಕಾಯಿತು, ಸರಿ. ಅದಕ್ಕಿಂತ ಜಾಸ್ತಿ ನೋವಾಗಿದ್ದು ಸೀನಿಯಾರಿಟಿ ಪಟ್ಟಿಯಿಂದ. ಎರಡೂ ಕಡೆಯವರನ್ನು ಸೇರಿಸಿದಾಗ ನಾನು ತುಂಬಾ ಕೆಳಗೆ ಹೋದೆ. ಕಮಾಂಡ್ ಸರದಿ, ಅಂದರೆ ಕ್ಯಾಪ್ಟನ್ ಆಗುವ ಸರದಿ, ನಿಂತಿರುವುದೇ ಪಟ್ಟಿಯ ಆ ನಂಬರಿನ ಮೇಲೆ. ಇದು ನ್ಯಾಯವಲ್ಲ ಎಂದೇ ನನ್ನ ಅನಿಸಿಕೆ. ಕೆಲಸಕ್ಕೆ ಸೇರಿದ ದಿನಾಂಕವನ್ನೇ ಲೆಕ್ಕಕ್ಕೆ ತಗೊಳ್ಳಿ ಎಂದು ಕೆಲವರು ಸೇರಿ ಪತ್ರ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ.

2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದ್ದನ್ನು ಹಲವರು ನೆನಪಿಸಿದ್ದಿರಿ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಅಂಧೇರಿಯ ನಮ್ಮ ಕಟ್ಟಡದಲ್ಲೇ ಆಗ ಕೆಲಸ ಕಳೆದುಕೊಂಡವರಿದ್ದಾರೆ. ಹಾಗಾಗಿ ಆರು ತಿಂಗಳ ಮನೆ ಸಾಲದ ಕಂತು ಬೇರೆ ಎತ್ತಿಟ್ಟಿದ್ದೇನೆ. ಮುಂದಿನ ವಾರ ಸಿಮ್ಯುಲೇಟರ್ ಶುರು.