ಸಹಾಯ ಬೇಕು: ಎಳೆದು ಜೋಡಿಸಿದ ಲಿಸ್ಟ್‌ನ ಕ್ರಮ ಸೇವ್ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಮನೆಮನೆಗೆ ನೀರಿನ ಕ್ಯಾನ್ ಹಾಕುವವರಿಗೆ ವೆಬ್ ಆಪ್ ಮಾಡುತ್ತಿದ್ದೇನೆ. ಬೆಳಿಗ್ಗೆ ಗಾಡಿ ಹೊರಡುವ ಮೊದಲು ಡ್ರೈವರ್ ಮೊಬೈಲ್‌ನಲ್ಲೇ ಅವತ್ತಿನ ಮನೆಗಳನ್ನು ಬೆರಳಿಂದ ಎಳೆದು ಮೇಲೆ ಕೆಳಗೆ ಮಾಡಬೇಕು, ಕೋಡಿಬಾಗ ಮುಗಿಸಿ ಕಾಳಿ ಸೇತುವೆ ದಾಟಿ ಸದಾಶಿವಗಡವೋ, ಇಲ್ಲ ಮೊದಲು ಬಿಣಗಾ ಕಡೆಯೋ, ಹೀಗೆ. ಡೀಸೆಲ್ ಉಳಿಯುವುದೇ ಇದರಲ್ಲಿ.

ಎಳೆಯುವುದಕ್ಕೆ ರೆಡಿಮೇಡ್ ಜಾವಾಸ್ಕ್ರಿಪ್ಟ್ ಲೈಬ್ರರಿ ಸಾರ್ಟೇಬಲ್‌ಜೆಎಸ್ ಹಾಕಿದ್ದೇನೆ. ಮೊದಲು ಸ್ಕ್ರೋಲ್ ಮಾಡಲು ಹೋದರೆ ಮನೆಯೇ ಜಾಗ ಬದಲಿಸುತ್ತಿತ್ತು. ಸಾಲಿನ ಬಲತುದಿಗೆ ಮೂರು ಗೆರೆಯ ಹ್ಯಾಂಡಲ್ ಇಟ್ಟ ಮೇಲೆ ಸರಿಯಾಯಿತು, ಅಲ್ಲಿ ಹಿಡಿದರೆ ಮಾತ್ರ ಸರಿಯುತ್ತದೆ.

ಈಗಿನ ತಲೆನೋವು ಸೇವ್ ಮಾಡುವುದು. ಬೆರಳು ಬಿಟ್ಟ ಕೂಡಲೇ ಎಲ್ಲ ಮನೆಗಳ ಐಡಿಗಳನ್ನು ಸರ್ವರ್‌ಗೆ ಕಳಿಸಿ ಡೇಟಾಬೇಸ್‌ನಲ್ಲಿ ಕ್ರಮಸಂಖ್ಯೆ ಇಡುವ ಪೊಸಿಷನ್ ಕಾಲಮ್ಮನ್ನು 1, 2, 3 ಅಂತ ಪೂರ್ತಿ ಮತ್ತೆ ಬರೆಯುತ್ತಿದ್ದೇನೆ. ಅದೇ ಹೊತ್ತಿಗೆ ಅಂಗಡಿಯಲ್ಲಿ ಕೂತವರು ಹೊಸ ಮನೆ ಸೇರಿಸಿದರೆ ಕ್ರಮವೆಲ್ಲ ಕಲಸಿ ಹೋಗುತ್ತದೆ. 1000, 2000 ಅಂತ ಅಂತರ ಬಿಟ್ಟು, ನಡುವೆ ಬಂದ ಮನೆಗೆ 1500 ಕೊಟ್ಟರೆ ಒಂದೇ ಸಾಲು ಬದಲಾದರೆ ಸಾಕು ಅಲ್ವಾ? ಹಾಗೆ ಮಾಡಿದವರು, ನಡುವೆ ಜಾಗ ಮುಗಿದಾಗ ಏನು ಮಾಡುತ್ತೀರಿ? ಸಿಗ್ನಲ್ ಇಲ್ಲದ ಕಡೆ ಎಳೆದದ್ದನ್ನು ಆಮೇಲೆ ಕಳಿಸುವುದು ಹೇಗೆ ಅಂತಲೂ ತಿಳಿಸಿ. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಬಳಸುತ್ತಿದ್ದೇನೆ.