28 ಮಿ.ಮೀ. ಪಾಳೇಗಾರ ಕಾಲಾಳು: ಪುಟ್ಟಿ ತಂತಿ ಮೇಲೆ ಸುತ್ತುತ್ತೆ, ಮುಖ ನಿಲ್ತಿಲ್ಲ, ಒಂದು ಕಾಲು ಇನ್ನೂ ಅಂಟಂಟು

ಗುಡಿಬಂಡೆ_ಸಿಪಾಯಿ
ಭಾನುವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿಡ್ಲಘಟ್ಟದ ಪಕ್ಕ. ಸ್ನೇಹಿತರು ನಾಲ್ಕು ಜನ ಸೇರಿ ಗುಡಿಬಂಡೆ ಕೋಟೆ ಮುತ್ತಿಗೆಯ ಮೇಲೆ ಒಂದು ಟೇಬಲ್ ಆಟ ಕಟ್ಟಿದ್ದೀವಿ. ಏಳು ಸುತ್ತಿನ ಕೋಟೆ ಥರ್ಮೋಕೋಲ್‌ನಲ್ಲಿ ತಯಾರಾಗಿದೆ, ಅದನ್ನ ಕಾಯೋಕೆ ಸಿಪಾಯಿ ಬೊಂಬೆಗಳಿಲ್ಲ. ಯುರೋಪಿನ ನೈಟ್‌ಗಳು, ಕಥೆಗಳಲ್ಲಿ ಬರೋ ಆರ್ಕ್ ರಾಕ್ಷಸರು ದುಡ್ಡು ಕೊಟ್ರೆ ಬರ್ತವೆ. ರುಮಾಲು ಸುತ್ತಿ, ಕಚ್ಚೆ ಹಾಕಿ, ಈಟಿ ಹಿಡಿದು ನಿಂತ ನಮ್ಮ ಕಡೆ ಪಾಳೇಗಾರರ ಕಾಲಾಳು ನಾನು ಹುಡುಕಿದ ಕಡೆ ಎಲ್ಲೂ ಸಿಗಲಿಲ್ಲ. ಹಾಗಾಗಿ ನಾನೇ ಮಾಡೋಕೆ ಕೂತಿದ್ದೀನಿ. ಇದು ನಾಲ್ಕನೆಯವನು.

ಮನೆ ವೈರಿಂಗ್‌ನಲ್ಲಿ ಉಳಿದಿದ್ದ ತಾಮ್ರದ ತಂತಿಯ ಪ್ಲಾಸ್ಟಿಕ್ ಸುಲಿದು ಹಂದರ ಕಟ್ಟಿದೆ. ಒಂಟಿ ಎಳೆ, 1.4 ಮಿ.ಮೀ. ದಪ್ಪ. ಪುಟ್ಟಿ ಗ್ರೀನ್ ಸ್ಟಫ್, ನೀಲಿ ಹಳದಿ ಅಂಟಿಕೊಂಡ ಪಟ್ಟಿ ಬರುತ್ತಲ್ಲ, ಎರಡನ್ನೂ ಕಲಸಿದ್ರೆ ಹಸಿರಾಗಿ ಆಮೇಲೆ ಗಟ್ಟಿಯಾಗೋ ಎಪಾಕ್ಸಿ, ಅದು. ತೊಂದರೆ ಏನಂದ್ರೆ, ತೋಳಿಗೆ ಹಚ್ಚಿದ ಪುಟ್ಟಿ ಮುಟ್ಟಿದ ಕೂಡಲೇ ತಂತಿ ಸುತ್ತ ಗರಗರ ತಿರುಗುತ್ತೆ. ರುಮಾಲಿನ ನೆರಿಗೆ ಎಳೆಯೋಷ್ಟರಲ್ಲಿ ಆಗಲೇ ಮುಗಿಸಿದ್ದ ಎದೆ ಮೇಲೆ ಹೆಬ್ಬೆಟ್ಟು ಬಿದ್ದು ಎಲ್ಲಾ ಅಳಿಸಿ ಹೋಗುತ್ತೆ. ಪುಟ್ಟಿ ಒಳಗೆ ರವೆ ಥರ ಗಟ್ಟಿ ಕಾಳು ಸಿಗ್ತವೆ. ಎಡಗಾಲು ಒಂದು ವಾರ ಆದ್ರೂ ಅಂಟಂಟಾಗಿದೆ. ಮುಖದ ವಿಷಯ ಹೇಳೋಕೇ ಬೇಜಾರು, ಕಣ್ಣು ಒತ್ತಿದ್ರೆ ಮೂಗು ಮಾಯ, ಮೂಗು ಎತ್ತಿದ್ರೆ ಬಾಯಿ ಮಾಯ. ಫೋಟೋ ಹಾಕಿದ್ದೀನಿ. ಎಲ್ಲಿ ತಪ್ತಾ ಇದ್ದೀನಿ ಹೇಳಿ.

ಶಿವಾರಪಟ್ಟಣ_ಉಳಿ
ಸೋಮವಾರ, ಬೆಳಿಗ್ಗೆ 6:15

ತಮ್ಮಾ, ಫೋಟೋ ನೋಡ್ದೆ. ನಿಂತಿರೋ ಭಂಗಿ ಸರಿಯಾಗಿದೆ. ತೂಕ ಬಲಗಾಲಿನ ಮೇಲಿದೆ, ಸೊಂಟ ಆ ಕಡೆ ಎದ್ದಿದೆ, ಭುಜ ಈ ಕಡೆ ಇಳಿದಿದೆ. ನಾಲ್ಕನೇದಕ್ಕೇ ಇದು ಬಂದಿದೆ ಅಂದ್ರೆ ಬಿಡಬೇಡ. ಮಾಲೂರು ತಾಲ್ಲೂಕಿನ ನಮ್ಮೂರಲ್ಲಿ ಎಲ್ಲಾ ಕಲ್ಲಿನ ಕೆಲಸ, ಪುಟ್ಟಿ ನಾನು ಮುಟ್ಟಿದ್ದು ಕಮ್ಮಿ. ಅಳತೆಗೆ ನವತಾಳ ಹಿಡಿ. ಮುಖದ ಉದ್ದ ಒಂದು ತಾಳ, ಅಂಥ 9 ತಾಳ ಸೇರಿದ್ರೆ ಪೂರ್ತಿ ಆಳು. ಪುಟ್ಟಿ ದುಬಾರಿ ಅನ್ಸಿದ್ರೆ ಪ್ಲಂಬರ್‌ಗಳು ಪೈಪ್ ಸೋರಿಕೆಗೆ ಹಾಕೋ ಪುಟ್ಟಿ ತಗೋ, ಯಾವ ಹಾರ್ಡ್‌ವೇರ್ ಅಂಗಡೀಲಾದ್ರೂ ಸಿಗುತ್ತೆ.

ಗುಡಿಬಂಡೆ_ಸಿಪಾಯಿ
ಸೋಮವಾರ, ಮಧ್ಯಾಹ್ನ 1:05

ಅಣ್ಣಾ, ನವತಾಳಾನೇ ಹಿಡಿದಿದ್ದೆ. ಆಳು 30 ಮಿ.ಮೀ., ಮುಖ 3.3 ಬಂತು. ಎರಡನೇ ಸಿಪಾಯೀನ ಪ್ಲಂಬರ್ ಪುಟ್ಟೀಲೇ ಮಾಡಿದ್ದು. ಒಂದು ಕಾಲು ಮುಗಿಸೋಷ್ಟರಲ್ಲಿ ಕೈಯಲ್ಲಿದ್ದ ಉಂಡೆ ಗಟ್ಟಿಯಾಗೋಯ್ತು.

ಮೇಣದಕ್ಕ_ತುಮಕೂರು
ಸೋಮವಾರ, ರಾತ್ರಿ 9:20

ನಾನು ತುಮಕೂರಲ್ಲಿ ಡೆಂಟಲ್ ಲ್ಯಾಬ್ ಟೆಕ್ನಿಷಿಯನ್. ಹಗಲೆಲ್ಲಾ ಮೇಣದಲ್ಲಿ ಹಲ್ಲು ಕೆತ್ತೋದು, ರಾತ್ರಿ ಇಂಥ ಮಿನಿಯೇಚರ್ ಬೊಂಬೆ. ಉತ್ತರ ಹೇಳೋಕೆ ಮುಂಚೆ ಕೆಲವು ವಿಷಯ ಬೇಕು. ಒಬ್ಬ ಸಿಪಾಯೀನ ಎಷ್ಟು ಸಲ ಕೂತು ಮುಗಿಸ್ತೀಯ? ಪಟ್ಟೀಲಿ ನೀಲಿ ಹಳದಿ ಸೇರೋ ನಡುವಿನ ಗೆರೆ ಕತ್ತರಿಸಿ ಬಿಸಾಕಿದ್ಯಾ? ಆ ಎಡಗಾಲಿಗೆ ಕಲಸಿದ ಉಂಡೆಯಲ್ಲಿ ಮಿಕ್ಕಿದ್ದು ಎಲ್ಲಾದ್ರೂ ಇಟ್ಟಿದ್ಯಾ, ಅದು ಗಟ್ಟಿ ಆಯ್ತಾ? ಅಂಟು ಇರೋದು ಕಾಲು ಪೂರ್ತೀನಾ, ಇಲ್ಲಾ ಅಲ್ಲಲ್ಲಿ ಗೆರೆ ಗೆರೆಯಾಗಾ?

ಗುಡಿಬಂಡೆ_ಸಿಪಾಯಿ
ಸೋಮವಾರ, ರಾತ್ರಿ 11:50

ಅಕ್ಕಾ, ಒಂದೇ ಸಲ ಕೂತು ಮುಗಿಸ್ತೀನಿ. ನರಸಾಪುರದ ಒಂದು ಫ್ಯಾಕ್ಟರೀಲಿ ಶಿಫ್ಟ್ ಕೆಲಸ, ಭಾನುವಾರ ಮಾತ್ರ ಬಿಡುವು. ಬೆಳಿಗ್ಗೆ ಕೂತ್ರೆ ಸಂಜೆಗೆ ಏಳೋದು. ನಡುವಿನ ಗೆರೆ ತೆಗೀಬೇಕು ಅಂತ ಗೊತ್ತೇ ಇರಲಿಲ್ಲ. ಮಿಕ್ಕ ಪುಟ್ಟಿ ಕಸಕ್ಕೆ ಹೋಯ್ತು. ನೀವು ಕೇಳಿದ ಮೇಲೆ ಟಾರ್ಚ್ ಹಾಕಿ ಕಾಲು ನೋಡ್ದೆ. ತೊಡೆ ಗಟ್ಟಿಯಿದೆ, ಮೀನಖಂಡದ ಹಿಂದೆ ಹಳದಿ ಬಣ್ಣದ ಒಂದು ಎಳೆ ಇದೆ, ಅದು ಮಾತ್ರ ಉಗುರಿಗೆ ಅಂಟುತ್ತೆ.

ಮೇಣದಕ್ಕ_ತುಮಕೂರು
ಮಂಗಳವಾರ, ರಾತ್ರಿ 10:10

ಆ ಹಳದಿ ಎಳೆಯಿಂದಲೇ ಶುರು ಮಾಡ್ತೀನಿ. ಚಳಿಗೆ ಪುಟ್ಟಿ ನಿಧಾನ ಆದ್ರೆ ಕಾಲು ಪೂರ್ತಿ ಒಂದೇ ಹದದಲ್ಲಿ ಮೆತ್ತಗಿರುತ್ತೆ, ಮಾರನೇ ದಿನಕ್ಕೆ ಗಟ್ಟಿಯಾಗುತ್ತೆ. ಒಂದು ಎಳೆ ಮಾತ್ರ ಅಂಟಿದ್ರೆ ಕಲಸಿದ್ದು ಸಾಲದು ಅಂತ ಅರ್ಥ. ಅಲ್ಲಿ ಹಳದಿಗೆ ನೀಲಿ ಸಿಕ್ಕೇ ಇಲ್ಲ, ಒಂದು ವಾರ ಅಲ್ಲ ಒಂದು ವರ್ಷ ಬಿಟ್ರೂ ಗಟ್ಟಿಯಾಗಲ್ಲ. ಅದನ್ನ ಬ್ಲೇಡಿನಲ್ಲಿ ಕೆತ್ತಿ ತೆಗೆದು ಹೊಸ ಪುಟ್ಟಿ ತುಂಬು, ಕಾಲು ಬಿಸಾಕಬೇಡ. ಕಲಸುವಾಗ ಚಪಾತಿ ಹಿಟ್ಟು ನಾದಿದ ಹಾಗೆ ಎಳೆದು, ಮಡಚಿ, ತಿರುಚಿ 5 ನಿಮಿಷ ಆದ್ರೂ ಮಾಡು. ಉಂಡೇನ ಹರಿದು ಒಳಗೆ ನೋಡು, ಎಲ್ಲಾ ಕಡೆ ಒಂದೇ ಹಸಿರು ಇರಬೇಕು. ಕಲಸೋವಾಗ ನೈಟ್ರೈಲ್ ಗ್ಲೌಸ್ ಹಾಕೋ. ಹಸಿ ಎಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಾಗಿದ್ರೆ ಅಲರ್ಜಿ ಹತ್ತಿಕೊಳ್ಳುತ್ತೆ, ಒಂದು ಸಲ ಹತ್ತಿದ್ರೆ ಈ ಹವ್ಯಾಸಾನೇ ಬಿಡಬೇಕಾಗುತ್ತೆ.

ರವೆ ಕಾಳು ಆ ನಡುವಿನ ಗೆರೆಯಿಂದ ಬಂದಿದ್ದು. ಎರಡೂ ಬಣ್ಣ ಪ್ಯಾಕೆಟ್‌ನಲ್ಲೇ ಒಂದಕ್ಕೊಂದು ತಾಗಿ ಅಲ್ಲಿ ಮೊದಲೇ ಗಟ್ಟಿಯಾಗಿರುತ್ತೆ. 2 ಮಿ.ಮೀ. ಅಗಲ ಕತ್ತರಿಸಿ ತೆಗೆದುಬಿಡು. ದುಡ್ಡು ಹೋಗುತ್ತೆ ಅಂತ ಕರುಳು ಚುರ್ ಅನ್ನುತ್ತೆ, ಆದ್ರೂ ತೆಗಿ.

ತೋಳು ತಿರುಗೋದಕ್ಕೆ ಎರಡು ಕಾರಣ. ತಾಮ್ರದ ತಂತಿ ನುಣ್ಣಗಿದೆ, ಹಿಡಿತ ಸಿಗಲ್ಲ. ಜೊತೆಗೆ ಅದು ದಪ್ಪ. ಈ ಅಳತೇಲಿ ತೋಳು 2.5 ಮಿ.ಮೀ. ಅಂದ್ರೆ 1.4 ತಂತಿಗೇ ಹೋಯ್ತು, ಸುತ್ತ ಅರ್ಧ ಮಿ.ಮೀ. ಸಿಪ್ಪೆ ಉಳೀತು. ಆ ಸಿಪ್ಪೆ ಮೇಲೆ ನೀನು ಏನು ಕೆತ್ತೋಕಾಗುತ್ತೆ? 0.8 ತಂತಿಗೆ ಬಾ. ಉಪ್ಪುಕಾಗದದಲ್ಲಿ ಉಜ್ಜು, ಮೇಲೆ ಕೂದಲೆಳೆ ಅಂಥ ತಾಮ್ರದ ಎಳೆ ಬಿಗಿಯಾಗಿ ಸುತ್ತು, ಒಂದು ಹನಿ ಫೆವಿಕ್ವಿಕ್ ಬಿಡು. ಆಮೇಲೆ ಪುಟ್ಟೀನ ತೆಳ್ಳಗೆ ಸವರಿ ಒತ್ತಿ, ಆವತ್ತಿಗೆ ಅಷ್ಟಕ್ಕೇ ಎದ್ದುಬಿಡು. ಆಕಾರ ಕೊಡೋಕೆ ಹೋಗಬೇಡ. ಮಾರನೇ ದಿನ ಅದು ಮೂಳೆ ಥರ ಗಟ್ಟಿಯಾಗಿರುತ್ತೆ, ಅದರ ಮೇಲೆ ಮಾಂಸ ಹಚ್ಚು. ತಿರುಗಲ್ಲ.

ನಿನ್ನ ಎದೆ ಅಳಿಸಿದ್ದೂ ಇದಕ್ಕೇ. ಇಡೀ ಆಳನ್ನ ಒಂದೇ ದಿನ ಹಸೀಲೇ ಮಾಡ್ತಿದ್ದೀಯ. ನಿನ್ನ ಕೈಯಲ್ಲಿ ತಪ್ಪಿಲ್ಲ. ಹಸಿ ಪುಟ್ಟಿ ಮೇಲೆ ಹಸಿ ಪುಟ್ಟಿ ಇಟ್ಟು ಎಷ್ಟೇ ಪಳಗಿದವರು ಕೂತ್ರೂ ಹೀಗೇ ಆಗೋದು. ನಮ್ಮ ಪಕ್ಕದ ಗೂಳೂರಲ್ಲಿ ಗಣಪನ್ನ ಚೌತಿಯಿಂದ ಹಿಡಿದು ದೀಪಾವಳಿವರೆಗೆ ಮಾಡ್ತಾರೆ. ಅಷ್ಟು ಎತ್ತರದ ಮಣ್ಣು ಒಂದೇ ದಿನ ಮೆತ್ತಿದ್ರೆ ನಿಲ್ಲುತ್ತಾ? ಕೆಳಗಿಂದು ಬಿಗಿಯಾದ ಮೇಲೆ ಮೇಲಿಂದು. ನಿಂದು 30 ಮಿ.ಮೀ. ಇರಬಹುದು, ಲೆಕ್ಕ ಅದೇ.

ಗ್ರೀನ್ ಸ್ಟಫ್‌ಗೆ ಅದರದೇ ಹೊತ್ತು ಇದೆ. ಮೊದಲ ಅರ್ಧ ಗಂಟೆ ಚೂಯಿಂಗ್ ಗಮ್ ಥರ ಅಂಟುತ್ತೆ. ಆಗ ಇಡೋ ಜಾಗಕ್ಕೆ ಇಟ್ಟು ಸುಮಾರಾಗಿ ಒತ್ತೋದು ಮಾತ್ರ. ಆಮೇಲಿನ ಅರ್ಧ ಮುಕ್ಕಾಲು ಗಂಟೆ ಆಕಾರ ಕೊಡೋಕೆ. ಅದು ಕಳೆದ ಮೇಲೆ ಪುಟ್ಟಿ ಬಿಗಿಯೋಕೆ ಶುರುವಾಗಿ ಸೂಜಿಯ ಗೆರೆ ಗೆರೆಯಾಗೇ ನಿಲ್ಲುತ್ತೆ. ಅಷ್ಟು ಹೊತ್ತೂ ಕಾಯದೆ ಮೊದಲ ಹತ್ತು ನಿಮಿಷದಲ್ಲೇ ನೆರಿಗೆ ಎಳೆದ್ರೆ ಅದು ರಬ್ಬರ್ ಥರ ವಾಪಸ್ ಮುಚ್ಚಿಕೊಳ್ಳುತ್ತೆ. ಉಪಕರಣಕ್ಕೆ ಅಂಟದೇ ಇರೋಕೆ ನೀರು, ಇಲ್ಲಾ ಚೂರೇ ಚೂರು ವ್ಯಾಸಲೀನ್. ವ್ಯಾಸಲೀನ್ ಬಳಸಿದ್ರೆ ಮುಂದಿನ ಪದರಕ್ಕೆ ಮುಂಚೆ ಸೋಪ್ ನೀರಲ್ಲಿ ಹಳೇ ಬ್ರಷ್ ಹಾಕಿ ತೊಳಿ, ಇಲ್ಲಾಂದ್ರೆ ಮೇಲಿನ ಪದರ ಎದ್ದು ಬರುತ್ತೆ. ಪ್ರತಿ ಸಲ ಕಲಸಿದ್ರಲ್ಲಿ ಒಂದು ಕಡಲೆಕಾಳಿನಷ್ಟು ಪಕ್ಕಕ್ಕೆ ಇಡು. ಸಿಪಾಯೀನ ಮುಟ್ಟಿ ನೋಡೋ ಬದಲು ಆ ಕಾಳಿಗೆ ಉಗುರು ಒತ್ತಿ ನೋಡು.

ಮುಖದ ವಿಷಯದಲ್ಲಿ ಉಳಿ ಅಣ್ಣನ ಜೊತೆ ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಇದೆ, ತಪ್ಪು ತಿಳ್ಕೋಬೇಡಿ ಅಣ್ಣಾ. ನವತಾಳ ದೇವರ ಮೂರ್ತಿಗೆ ಸೊಗಸು. ಟೇಬಲ್ ಮೇಲಿನ ಸಿಪಾಯೀನ ನಾವು ಮೂರಡಿ ದೂರದಿಂದ ನೋಡ್ತೀವಿ, 3.3 ಮಿ.ಮೀ. ಮುಖದಲ್ಲಿ ಕಣ್ಣು ಮೂಗು ಬಾಯಿ ಮೂರಕ್ಕೂ ಜಾಗ ಸಾಲಲ್ಲ. ಅದಕ್ಕೇ ಒಂದು ಒತ್ತಿದ್ರೆ ಇನ್ನೊಂದು ಮಾಯ ಆಗ್ತಿರೋದು. ಈ ಆಟದ ಬೊಂಬೆಗಳಲ್ಲಿ ತಲೆ, ಕೈ ಬೇಕಂತಲೇ ದೊಡ್ಡದು ಮಾಡ್ತಾರೆ. ತಲೇನ 4.5ಕ್ಕೆ ಏರಿಸು, ಆಳಿನ ಎತ್ತರಕ್ಕೆ ಹೆಚ್ಚುಕಮ್ಮಿ ಆರೂವರೆ ತಲೆ ಬರುತ್ತೆ, ನೋಡೋಕೆ ಸರಿ ಕಾಣುತ್ತೆ. ಎಲ್ಲಾ 28 ಮಿ.ಮೀ. ಬೊಂಬೆ ಒಂದೇ ಎತ್ತರ ಇರಲ್ಲ ಅನ್ನೋದೂ ನೆನಪಿರಲಿ. ತುಂಬಾ ಜನ 28 ಅನ್ನೋದನ್ನ ಪಾದದಿಂದ ಕಣ್ಣಿನವರೆಗೆ ಅಳೀತಾರೆ, ನೆತ್ತಿವರೆಗೆ ಅಲ್ಲ.

ಶಿವಾರಪಟ್ಟಣ_ಉಳಿ
ಬುಧವಾರ, ಬೆಳಿಗ್ಗೆ 6:30

ತಪ್ಪು ತಿಳ್ಕೊಳ್ಳೋಕೆ ಏನಿದೆ ತಾಯಿ, ಮೂರಡಿ ದೂರದ ಮಾತು ಒಪ್ಪಿದೆ. ಗೋಪುರದ ಮೇಲೆ ಕೂರೋ ಬೊಂಬೆಗೂ ಗರ್ಭಗುಡಿ ಮೂರ್ತಿಗೂ ಒಂದೇ ನಾಜೂಕು ಹಿಡಿಯಲ್ಲ ನಾವೂ. ಕಲ್ಲಿಂದ ಒಂದು ಮಾತು ಸೇರಿಸ್ತೀನಿ. ಕಲ್ಲಲ್ಲಿ ತೆಗೆದದ್ದು ಮತ್ತೆ ಬರಲ್ಲ, ಅದಕ್ಕೆ ಮೂಗಿಗೆ ಕಲ್ಲು ಜಾಸ್ತಿ ಬಿಟ್ಕೊಂಡೇ ಕೆನ್ನೆ ಇಳಿಸೋದು. ತಮ್ಮಾ, ನೀನು ಮೂಗನ್ನ ಕೊನೇಲಿ ಅಂಟಿಸ್ತಿದ್ದೀಯ ಅನ್ಸುತ್ತೆ. ಮೊದಲು ಮೂಗಿನ ಗುಡ್ಡ ನಿಲ್ಲಿಸಿ, ಅದರ ಎರಡೂ ಪಕ್ಕ ಕಣ್ಣಿನ ಕುಳಿ ಒತ್ತಿ ನೋಡು.

ಮೇಣದಕ್ಕ_ತುಮಕೂರು
ಬುಧವಾರ, ರಾತ್ರಿ 9:45

ಹೌದು, ಇದೇ ಸರಿಯಾದ ಕ್ರಮ. ತಲೇನ ಬೇರೆಯಾಗೇ ಮಾಡು, ಬಾಟಲಿ ಬಿರಡೆಗೆ ಚುಚ್ಚಿದ ತಂತಿ ತುದೀಲಿ. ಮೊದಲ ದಿನ 3.5 ಮಿ.ಮೀ. ಮೊಟ್ಟೆಯಾಕಾರದ ಉಂಡೆ, ಗಟ್ಟಿಯಾಗೋಕೆ ಬಿಡು. ಎರಡನೇ ದಿನ ಅದರ ಮುಂದೆ ತೆಳ್ಳನೆ ಪದರ ಹಚ್ಚಿ, ಅಣ್ಣ ಹೇಳಿದ ಹಾಗೆ ಮೂಗು ಬಿಟ್ಟು ಗುಂಡು ತುದಿಯಿಂದ ಎರಡು ಕುಳಿ. ಒಳಗೆ ಗಟ್ಟಿ ಉಂಡೆ ಇರೋದ್ರಿಂದ ಒತ್ತಿದ್ದು ಒಂದು ಮಿತಿಗೆ ನಿಲ್ಲುತ್ತೆ, ತಲೆ ಚಪ್ಪಟೆ ಆಗಲ್ಲ. ಬಾಯಿಗೆ ಬ್ಲೇಡಿನ ಒಂದು ಗೀರು, ಕೆಳತುಟಿ ಕೆಳಗೆ ಒಂದು ಸಣ್ಣ ಒತ್ತು. ಕಣ್ಣುಗುಡ್ಡೆ ಆವತ್ತು ಬೇಡ. ಮೂರನೇ ದಿನ ಗಸಗಸೆ ಕಾಳಿನಷ್ಟು ಪುಟ್ಟಿ ಕುಳಿಗೆ ಇಟ್ಟು ಸೂಜೀಲಿ ರೆಪ್ಪೆಯ ಗೆರೆ ಎಳಿ. ರುಮಾಲು ನಾಲ್ಕನೇ ದಿನ.

ಉಪಕರಣಕ್ಕೆ ದುಡ್ಡು ಸುರೀಬೇಡ. ಲೆಕ್ರಾನ್ ಕಾರ್ವರ್ ಅಂತ ಬಿ.ಡಿ.ಎಸ್. ಹುಡುಗರು ಮೊದಲ ವರ್ಷ ಮೇಣದ ಹಲ್ಲು ಕೆತ್ತೋಕೆ ತಗೋತಾರೆ. ಒಂದು ಕಡೆ ಸಣ್ಣ ಚಾಕು, ಇನ್ನೊಂದು ಕಡೆ ಚಮಚದ ತುದಿ. ಡೆಂಟಲ್ ಸಾಮಾನಿನ ಅಂಗಡೀಲಿ ಸಿಗುತ್ತೆ. ಅದೊಂದು, ಪೆನ್ಸಿಲ್ ಹಿಂದೆ ಸಿಕ್ಕಿಸಿದ ಒಂದು ಹೊಲಿಗೆ ಸೂಜಿ, ಅಷ್ಟು ಸಾಕು. ನನ್ನ ಮುಕ್ಕಾಲು ಪಾಲು ಕೆಲಸ ಅದರಲ್ಲೇ.

ಗುಡಿಬಂಡೆ_ಸಿಪಾಯಿ
ಬುಧವಾರ, ರಾತ್ರಿ 11:55

ಅಕ್ಕಾ, ಎಲ್ಲಾ ಅರ್ಥ ಆಯ್ತು. ಆದ್ರೆ ತಲೆಗೇ ನಾಲ್ಕು ದಿನ ಅಂದ್ರೆ ನನಗೆ ನಾಲ್ಕು ಭಾನುವಾರ. 20 ಸಿಪಾಯಿ ಬೇಕು. ಅಮ್ಮನ ಹುಳದ ಮನೇಲಿ ಚಳಿಗಾಲಕ್ಕೆ ಹೀಟರ್ ಇರುತ್ತೆ, 25 ಡಿಗ್ರಿ ದಾಟಿರುತ್ತೆ. ಅಲ್ಲಿಟ್ರೆ ಬೇಗ ಗಟ್ಟಿಯಾಗುತ್ತಾ?

ಮೇಣದಕ್ಕ_ತುಮಕೂರು
ಗುರುವಾರ, ಬೆಳಿಗ್ಗೆ 7:10

ಹುಳದ ಮನೆಗೆ ಮಾತ್ರ ಒಯ್ಯಬೇಡಪ್ಪ. ರೇಷ್ಮೆ ಹುಳ ಎಷ್ಟು ಸೂಕ್ಷ್ಮ ಅಂತ ನನಗಿಂತ ನಿನಗೆ ಗೊತ್ತು, ಒಂದು ಬೆಳೆ ಅಮ್ಮನ ತಿಂಗಳ ದುಡಿಮೆ. ಶಾಖ ಕೊಟ್ರೆ ಬೇಗ ಆಗೋದು ನಿಜ. ರಟ್ಟಿನ ಡಬ್ಬಕ್ಕೆ ಗಾಳಿ ಆಡೋ ತೂತು ಮಾಡಿ, ಹಳೇ ಕಾಲದ 40 ವ್ಯಾಟ್ ಬಲ್ಬ್ ಇಳಿಬಿಡು. ಎಲ್‌ಇಡಿ ಬೇಡ, ಅದು ಕಾಯಲ್ಲ. ಬಲ್ಬು ರಟ್ಟಿಗೆ ತಾಗಬಾರದು, ಎದುರಿಗೆ ಕೂತಿದ್ದಾಗ ಮಾತ್ರ ಹಾಕು. ರಾತ್ರಿಯೆಲ್ಲಾ ಬೇಕಾಗಿದ್ದು ಒಂದೆರಡು ಗಂಟೇಲಿ ಮುಗಿಯುತ್ತೆ.

ಅದಕ್ಕಿಂತ ಒಳ್ಳೇ ದಾರಿ, ಒಬ್ಬನ್ನೇ ಮಾಡಬೇಡ. ಐದು ಹಂದರ ಒಟ್ಟಿಗೆ ಕಟ್ಟು. ಒಂದೇ ಉಂಡೆ ಕಲಸಿ ಐವರ ಬಲಗಾಲು ಮಾಡು. ಐದನೆಯವನ ಕಾಲಿಗೆ ಬರೋಷ್ಟರಲ್ಲಿ ಮೊದಲನೆಯವನದು ಗೆರೆ ಎಳೆಯೋ ಹದಕ್ಕೆ ಬಂದಿರುತ್ತೆ. ಅವನು ಡಬ್ಬದಲ್ಲಿರುವಾಗ ಐದು ತಲೆಯ ಉಂಡೆ ಮಾಡು. ಭಾನುವಾರ ಒಂದೇ ಇರಬಹುದು, ಅದರಲ್ಲಿ ಮೂರು ಪದರ ಹಿಡಿಸುತ್ತೆ.

ಗುಡಿಬಂಡೆ_ಸಿಪಾಯಿ
ಮೂರು ವಾರದ ನಂತರ, ಭಾನುವಾರ, ಸಂಜೆ 6:30

ಅಕ್ಕಾ, ಅಣ್ಣಾ, ಫೋಟೋ ನೋಡಿ. ಐವರಲ್ಲಿ ಮೂವರು ನಿಂತಿದ್ದಾರೆ. ತೋಳು ತಿರುಗಲಿಲ್ಲ. ಕಾಳು ಒಂದೂ ಸಿಗಲಿಲ್ಲ. ಎಡಗಡೆಯವನ ಮುಖ ನೋಡಿ ಅಮ್ಮ ನಮ್ಮ ತಾತನ ಥರ ಇದ್ದಾನೆ ಅಂದ್ರು. ಎರಡು ಸಲ ಎತ್ತಿ ದೀಪದ ಹತ್ತಿರ ಹಿಡಿದು ನೋಡಿದ್ರು. ಇನ್ನಿಬ್ಬರ ರುಮಾಲು ಮುಂದಿನ ವಾರ.

ಒಂದೇ ಬಾಕಿ. ತಾತನಿಗೆ ಇದ್ದ ಹಾಗೆ ತಿರುವಿದ ಹುರಿಮೀಸೆ ಬೇಕು. ಮೀಸೆ ಇಡೋಕೆ ಹೋದ್ರೆ ತುಟಿ ಮುಚ್ಚಿ ಹೋಗುತ್ತೆ.

ಮೇಣದಕ್ಕ_ತುಮಕೂರು
ಭಾನುವಾರ, ರಾತ್ರಿ 8:00

ಎಷ್ಟು ಚೆನ್ನಾಗಿ ಬಂದಿದ್ದಾನೆ! ಆ ಕೆನ್ನೆಮೂಳೆ ನೋಡಿ ತುಂಬಾ ಖುಷಿಯಾಯ್ತು.

ಮೀಸೆಗೆ ಹಳದಿಗಿಂತ ನೀಲಿ ಸ್ವಲ್ಪ ಜಾಸ್ತಿ ಹಾಕಿ ಕಲಸು, ಗಟ್ಟಿ ಬರುತ್ತೆ, ಅಂಚು ಚೂಪಾಗಿ ನಿಲ್ಲುತ್ತೆ. ಒಂದು ಗಂಟೆ ಹಾಗೇ ಬಿಡು. ಆಮೇಲೆ ಒದ್ದೆ ಗಾಜಿನ ಮೇಲೆ ಶಾವಿಗೆಗಿಂತ ಸಣ್ಣಗೆ ಹೊಸಿ, ಎರಡೂ ತುದಿ ಮೊನಚಾಗಲಿ. ನಡುವೆ ಕತ್ತರಿಸಿ ಎರಡು ತುಂಡು ಮಾಡು. ಮೂಗಿನ ಕೆಳಗಿಂದ ಒಂದೊಂದೇ ಕೂರಿಸು, ದಪ್ಪ ಕಡೆ ನಡುವಿಗೆ ಬರಲಿ. ತುಟಿ ಕಡೆಗೆ ಒತ್ತಬೇಡ, ಮೂಗಿನ ಕಡೆಗೆ ಮೇಲಕ್ಕೆ ಒತ್ತು. ತುದಿಗಳನ್ನ ಕೆನ್ನೆಗೆ ಅಂಟಿಸದೆ ಸೂಜೀಲಿ ಎತ್ತಿ ತಿರುವಿ ಗಾಳೀಲಿ ಬಿಡು.

ಶಿವಾರಪಟ್ಟಣ_ಉಳಿ
ಸೋಮವಾರ, ಬೆಳಿಗ್ಗೆ 6:20

ತಮ್ಮಾ, ತಾತನ ಹಳೇ ಫೋಟೋ ಇದ್ರೆ ಪಕ್ಕದಲ್ಲಿ ಇಟ್ಕೊಂಡು ಕೂರು. ಎಡಗಡೆ ಮೀಸೆ ಬಲಗಡೆಗಿಂತ ಒಂದು ಎಳೆ ಮೇಲಿರುತ್ತೆ ಎಲ್ಲರಿಗೂ, ಇಲ್ಲಾ ಕೆಳಗಿರುತ್ತೆ. ಯಾವ ಕಡೆ ಅಂತ ನೋಡ್ಕೊಂಡು ಮಾಡು.