ಬಡವಾದ ತಟ್ಟು ಏನಾಗಬೇಕು? ಕುದುರೆಯ ‘ಕಂಡೀಷನ್’ಗೆ ಒಂದು ಪದ ಬೇಕು

ಗೆಳೆಯರೇ, ಕುದುರೆಯ ಮೈ ಎಷ್ಟು ತುಂಬಿಕೊಂಡಿದೆ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಕಂಡೀಷನ್’ ಅನ್ನುತ್ತಾರೆ, ಅದಕ್ಕೆ ಕನ್ನಡದಲ್ಲಿ ಒಂದು ಪದ ಬೇಕಾಗಿದೆ. ಸುಮ್ನೆ ಕೇಳುತ್ತಿಲ್ಲ, ತಪ್ಪು ಪದ ಬರೆದು ಆದ ಫಜೀತಿಯನ್ನು ಕಣ್ಣಾರೆ ನೋಡಿದ್ದೇನೆ.

ನಮ್ಮದು ತಾಳವಾಡಿ. ತಮಿಳುನಾಡಿನ ಈರೋಡ್ ಜಿಲ್ಲೆ, ಆದರೆ ಮನೆಮಾತು ಕನ್ನಡ. ನಮ್ಮ ಸೋದರಮಾವ ಆಡಿ ತಿಂಗಳ ಅಂದಿಯೂರು ಜಾತ್ರೆಯಿಂದ ಒಂದು ತಟ್ಟು, ಅಂದರೆ ಗಿಡ್ಡ ಜಾತಿಯ ಕುದುರೆ, ಹೊಡೆದುಕೊಂಡು ಬಂದರು. ಅಗ್ಗಕ್ಕೆ ಸಿಕ್ಕಿತಂತೆ. ಸಿಗದೆ ಏನು, ದೂರದಿಂದಲೇ ಪಕ್ಕೆಲುಬು ಎಣಿಸಬಹುದಿತ್ತು. ದನದ ಡಾಕ್ಟರು ಹಲ್ಲು ನೋಡಿ, ಜಂತುಹುಳಕ್ಕೆ ಔಷಧಿ ಕೊಟ್ಟು, ಮೇವಿನ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದರು. ಕನ್ನಡ ಮಾಡಿ ಲಾಯದ ಗೋಡೆಗೆ ಅಂಟಿಸುವ ಕೆಲಸ ನನ್ನದು. ಅದರಲ್ಲಿ ‘ಕಂಡೀಷನ್ ಗೇನ್’ ಅಂತ ಇದ್ದದ್ದನ್ನು ನಾನು ‘ದಪ್ಪ ಮಾಡಲು’ ಅಂತ ಬರೆದೆ.

ಮೇಯಿಸುವ ಹುಡುಗ ಅಷ್ಟನ್ನೇ ಓದಿದ. ದಪ್ಪ ಆಗಬೇಕು ಅಲ್ವಾ, ಅಂತ ಒಂದೇ ಹೊತ್ತಿಗೆ ಅರ್ಧ ಬಕೆಟ್ ಹುರುಳಿ ಸುರಿದ. ಸಂಜೆ ಹೊತ್ತಿಗೆ ತಟ್ಟು ಮುಂಗಾಲಲ್ಲಿ ನೆಲ ಕೆರೆಯುತ್ತಿತ್ತು, ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು, ಮಲಗುತ್ತಿತ್ತು, ಏಳುತ್ತಿತ್ತು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದದ್ದು ಹಿಂದಿನಿಂದಲೇ ಬರಬೇಕು. ರಾತ್ರಿ ಡಾಕ್ಟರು ಬಂದು ಉಳಿಸಿದರು. ಬೈಗುಳ ನನಗೆ ಬಿತ್ತು, ಹುಡುಗನಿಗಲ್ಲ. ನ್ಯಾಯವೇ ಬಿಡಿ.

ಚೀಟಿಯಲ್ಲಿ ಇದ್ದದ್ದೇ ಬೇರೆ. ಸುಮಾರು 200 ಕಿಲೋ ತೂಗುವ ತಟ್ಟುವಿಗೆ ದಿನಕ್ಕೆ 4 ಕಿಲೋದಷ್ಟು ಒಣಹುಲ್ಲು, ಅದೇ ಮುಖ್ಯ ಊಟ. ಕಾಳು, ಬೂಸಾ ಏನಿದ್ದರೂ ಹಿಡಿಯಷ್ಟರಿಂದ ಶುರು ಮಾಡಿ, ಎರಡು ವಾರದಲ್ಲಿ ಮೆಲ್ಲಗೆ ಏರಿಸುತ್ತಾ, ಅದನ್ನೂ ಎರಡು ಮೂರು ಹೊತ್ತಿಗೆ ಹಂಚಿ ಕೊಡಬೇಕು. ಕಾಳು ಜಾಸ್ತಿಯಾದರೆ ಹೊಟ್ಟೆನೋವು ಒಂದೇ ಅಲ್ಲ, ಗೊರಸಿನೊಳಗೆ ಬಾವು ಬಂದು ಕುಂಟು ಬೀಳುತ್ತದೆ. ತಟ್ಟುಗಳಿಗೆ ಆ ಕಾಟ ಇನ್ನೂ ಜಾಸ್ತಿ.

ಈಗ ಪದಕ್ಕೆ ಬರೋಣ. ಸೊರಗಿದ ಪ್ರಾಣಿಗೆ ನಮ್ಮಲ್ಲಿ ‘ಬಡವಾಗಿದೆ’ ಅನ್ನುತ್ತೇವೆ. ಎತ್ತು ಬಡವಾಗಿದೆ, ಮಗು ಬಡವಾಗಿದೆ. ಆದರೆ ಅದರ ಎದುರು ಪದ ಯಾವುದು? ಸಾಹುಕಾರ ಆಗಿದೆ ಅನ್ನೋಕಾಗಲ್ಲ. ‘ಕೊಬ್ಬಿದೆ’ ಅಂದರೆ ಒದೆಯುವ ಕುದುರೆ ಕಣ್ಣಮುಂದೆ ಬರುತ್ತದೆ, ಹಳಗನ್ನಡದ ಕೊರ್ವು ಯಾವಾಗ ಸೊಕ್ಕಿನ ಅರ್ಥಕ್ಕೆ ವಾಲಿತೋ ಬಲ್ಲವರು ಹೇಳಿ. ‘ದೇಹಸ್ಥಿತಿ’ ಅಂದರೆ ಆಸ್ಪತ್ರೆಯ ಸುದ್ದಿ. ‘ಮೈಕಟ್ಟು’ ಅನ್ನುವುದು ಎಲುಬಿನ ಮಾತು, ಅದು ಹುಲ್ಲು ತಿಂದು ಬದಲಾಗುವುದಲ್ಲ.

ಡಾಕ್ಟರ ಚೀಟಿಯ ‘ಕಂಡೀಷನ್’ ಇದ್ಯಾವುದೂ ಅಲ್ಲ. ಅಮೆರಿಕದ ಹೆನೆಕೆ ಅನ್ನುವವರು 1983ರಲ್ಲಿ ಕುದುರೆಯ ಮೈಗೆ 1ರಿಂದ 9ರವರೆಗೆ ಅಂಕ ಕೊಡುವ ಕ್ರಮ ಮಾಡಿದರು. 1 ಅಂದರೆ ಮೂಳೆಚಕ್ಕಳ, 9 ಅಂದರೆ ಬೊಜ್ಜು. ನಡುವಿನ 5ರಲ್ಲಿ ಪಕ್ಕೆಲುಬು ಕಣ್ಣಿಗೆ ಕಾಣುವುದಿಲ್ಲ, ಕೈಯಾಡಿಸಿದರೆ ಸಿಗುತ್ತದೆ. ನನಗೆ ಬೇಕಿರುವುದು ಆ 5ರ ಹೆಸರು, ಇಡೀ ಅಳತೆಗೂ ಒಂದು ಹೆಸರು.

ನಮ್ಮಮ್ಮ ಹೇಳಿದ್ದು ‘ಮೈಗೆ ಹತ್ತುವುದು’. ತಿಂದದ್ದು ಮೈಗೆ ಹತ್ತುತ್ತಿಲ್ಲ ಅಂತೀವಲ್ಲ, ಅದೇ. ನನಗೆ ಇದು ತುಂಬಾ ಹಿಡಿಸಿತು, ಯಾಕೆಂದರೆ ಸುರಿದದ್ದೆಲ್ಲ ಮೈಗೆ ಹತ್ತುವುದಿಲ್ಲ ಅನ್ನುವ ಎಚ್ಚರ ಅದರೊಳಗೇ ಇದೆ. ಆದರೆ ಅದು ಕ್ರಿಯಾಪದ. ‘ಇದರ ಕಂಡೀಷನ್ ಎಷ್ಟು’ ಅಂತ ಕೇಳಲು ನಾಮಪದ ಬೇಕಲ್ಲ?

ಇನ್ನೊಂದು. ಇಲ್ಲಿಯ ತಮಿಳರು ‘ಇಳೈತ್ತವನುಕ್ಕು ಎಳ್ಳು, ಕೊಳುತ್ತವನುಕ್ಕು ಕೊಳ್ಳು’ ಅನ್ನುತ್ತಾರೆ. ಸಣಕಲನಿಗೆ ಎಳ್ಳು, ದಪ್ಪಗಿರುವವನಿಗೆ ಹುರುಳಿ ಅಂತ. ನಾವು ನೋಡಿದರೆ ಬಡಕಲು ತಟ್ಟುವಿಗೆ ಹುರುಳಿ ಸುರಿದೆವು! ಕನ್ನಡದಲ್ಲಿ ಇಂಥ ಗಾದೆ ಇದೆಯಾ? ಕಾಸರಗೋಡಿನವರು, ಮಡಕಶಿರಾ ಕಡೆಯವರು, ಅಕ್ಕಲಕೋಟೆ ಕಡೆಯವರು ನಿಮ್ಮ ಮನೆಮಾತಿನಲ್ಲಿ ಏನಂತೀರಿ, ಬರೆಯಿರಿ. ದನಕ್ಕೆ, ಎಮ್ಮೆಗೆ ಬಳಸುವ ಪದವಾದರೂ ಆದೀತು. ಸದ್ಯಕ್ಕೆ ಗೋಡೆಯ ಚೀಟಿಯಲ್ಲಿ ‘ದಪ್ಪ ಮಾಡಲು’ ಹೊಡೆದುಹಾಕಿ ‘ಮೆಲ್ಲಗೆ ಮೈಗೆ ಹತ್ತಲು’ ಅಂತ ಬರೆದಿದ್ದೇನೆ, ಕೆಳಗೆ ಅಳತೆಯ ಲೋಟದ ಚಿತ್ರವನ್ನೂ.